ಸರ್ವೇಯರ್ ಕಟ್ಟಿದ ನಷ್ಟದ ಮೊತ್ತ ಒಪ್ಪಿಗೆಯಾಗದಿದ್ದಾಗ: ಕಟ್ಟಡದ ವಿಮಾ ಕ್ಲೇಮಿಗೆ ಸ್ವತಂತ್ರ ಮೌಲ್ಯಮಾಪನ ಮಾಡಿಸುವ ಕ್ರಮ

ಮನೆಗೋ ಅಂಗಡಿಗೋ ಗಿರಣಿಗೋ ಬೆಂಕಿ ಬಿದ್ದು, ಇಲ್ಲವೇ ನೆರೆ ನುಗ್ಗಿ ಹಾನಿಯಾದಾಗ ವಿಮಾ ಕಂಪನಿ ನೇಮಿಸಿದ ಸರ್ವೇಯರ್ ಬಂದು ಅಳತೆ ಮಾಡಿಕೊಂಡು ಹೋಗುತ್ತಾರೆ. ಆಮೇಲೆ ಕಂಪನಿ ಮಂಜೂರು ಮಾಡಿದ ಮೊತ್ತ ರಿಪೇರಿಯ ಅರ್ಧ ಖರ್ಚಿಗೂ ಸಾಲದು ಎಂದು ತಿಳಿದಾಗ ಹೆಚ್ಚಿನವರು ಒಂದೋ ಸಿಕ್ಕಿದ್ದಕ್ಕೆ ಸಹಿ ಹಾಕಿ ಸುಮ್ಮನಾಗುತ್ತಾರೆ, ಇಲ್ಲವೇ ಪರಿಚಯದ ಎಂಜಿನಿಯರಿಂದ ದೊಡ್ಡ ಮೊತ್ತದ ಒಂದು ಪುಟದ ಪತ್ರ ಬರೆಸಿಕೊಂಡು ತಕರಾರಿಗೆ ಇಳಿಯುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಸರ್ವೇಯರ್ ವರದಿಯ ಒಂದೊಂದು ಬಾಬಿಗೂ ಉತ್ತರ ಕೊಡುವ, ಪಾಲಿಸಿ ಹೇಳಿದ ಲೆಕ್ಕದ ಕ್ರಮವನ್ನೇ ಹಿಡಿದು ಬರೆದ ಸ್ವತಂತ್ರ ಮೌಲ್ಯಮಾಪನ ಮಾತ್ರ ಆ ಮೊತ್ತವನ್ನು ಬದಲಿಸಬಲ್ಲದು. ಅಂಥದ್ದನ್ನು ಯಾವಾಗ, ಯಾರಿಂದ, ಹೇಗೆ ಮಾಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ತಕರಾರು ಮೊತ್ತದ್ದೋ, ಹೊಣೆಯದೋ

ಮೊದಲು ಕಂಪನಿಯ ಪತ್ರವನ್ನು ನಿಧಾನವಾಗಿ ಓದಿ, ಅದು ಏನನ್ನು ನಿರಾಕರಿಸಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹಾನಿಗೆ ಪಾಲಿಸಿ ಅನ್ವಯಿಸುತ್ತದೆ ಎಂದು ಒಪ್ಪಿಕೊಂಡು ಮೊತ್ತವನ್ನು ಮಾತ್ರ ಕಡಿಮೆ ಮಾಡಿದ್ದರೆ ಮೌಲ್ಯಮಾಪನ ನೇರವಾಗಿ ಕೆಲಸಕ್ಕೆ ಬರುತ್ತದೆ. ಹಾನಿಯ ಕಾರಣವೇ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ ಎಂದಿದ್ದರೆ, ಎಷ್ಟೇ ಚೆನ್ನಾಗಿ ನಷ್ಟದ ಲೆಕ್ಕ ಕಟ್ಟಿಸಿದರೂ ಅದು ಕಂಪನಿಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಉದಾಹರಣೆಗೆ, ಭೂಕುಸಿತ ಮತ್ತು ಕಟ್ಟಡ ನಿಂತ ನೆಲ ಕುಸಿಯುವುದು ಸಾಮಾನ್ಯ ಅಗ್ನಿ ಪಾಲಿಸಿಯ ರಕ್ಷಣೆಯೊಳಗೆ ಬರುತ್ತವೆ. ಹೊಸ ಕಟ್ಟಡ ಸಹಜವಾಗಿ ಕೂರುವುದರಿಂದ ಬಿಡುವ ಬಿರುಕು ಬರುವುದಿಲ್ಲ. ಕೊಡಗಿನ ಇಳಿಜಾರಿನಲ್ಲಿರುವ ಮನೆಯ ಗೋಡೆ ಬಿರಿದಾಗ ಕಂಪನಿ ಎರಡನೆಯ ಕಾರಣವನ್ನು ಮುಂದಿಟ್ಟರೆ, ಬೇಕಾಗುವುದು ಬಿರುಕಿನ ದಿಕ್ಕು, ಅಗಲ, ತಳಪಾಯದ ಸ್ಥಿತಿ ಮತ್ತು ಮಣ್ಣಿನ ಚಲನೆಯನ್ನು ಪರೀಕ್ಷಿಸಿ ಕಾರಣವನ್ನು ನಿರ್ಧರಿಸಬಲ್ಲ ಸ್ಟ್ರಕ್ಚರಲ್ ಅಥವಾ ಜಿಯೋಟೆಕ್ನಿಕಲ್ ಎಂಜಿನಿಯರರ ಅಭಿಪ್ರಾಯ. ಕಾರಣ ಸ್ಥಾಪಿತವಾದ ಮೇಲೆ ಮೊತ್ತದ ಮಾತು.

ಮೊತ್ತದ ತಕರಾರಾಗಿದ್ದರೆ ಕಂಪನಿಯಿಂದ ಸರ್ವೇಯರ್ ವರದಿಯ ಪೂರ್ಣ ಪ್ರತಿಯನ್ನು, ಅನುಬಂಧಗಳು ಮತ್ತು ಫೋಟೋಗಳ ಸಹಿತ, ಲಿಖಿತವಾಗಿ ಕೇಳಿ ಪಡೆಯಬೇಕು. ಅದನ್ನು ಪಡೆಯುವ ಹಕ್ಕು ಪಾಲಿಸಿದಾರನಿಗಿದೆ. ವರದಿ ಕೈಗೆ ಬರುವ ಮೊದಲು ಹಾನಿಯ ಸ್ಥಿತಿಯನ್ನು ಸ್ವತಂತ್ರವಾಗಿ ದಾಖಲಿಸಿಡುವುದು ಒಳ್ಳೆಯದೇ, ಆದರೆ ಅಂತಿಮ ಮೌಲ್ಯಮಾಪನವನ್ನು ವರದಿ ಓದದೆ ಬರೆಸಬಾರದು.

ಸರ್ವೇಯರ್ ವರದಿಗೆ ಕಾನೂನಿನಲ್ಲಿ ಇರುವ ತೂಕ

1938ರ ವಿಮಾ ಕಾಯ್ದೆಯ 64ಯುಎಂ ಕಲಮಿನ ಪ್ರಕಾರ ನಿಗದಿತ ಮೊತ್ತ ಮುಟ್ಟಿದ ಕ್ಲೇಮುಗಳನ್ನು ಲೈಸೆನ್ಸ್ ಇರುವ ಸರ್ವೇಯರ್ ಪರಿಶೀಲಿಸಲೇಬೇಕು. ವಾಹನೇತರ ವಿಮೆಯಲ್ಲಿ ಆ ಮಿತಿ ಈಗ 1 ಲಕ್ಷ ರೂಪಾಯಿ. ಆದರೆ ಸರ್ವೇಯರ್ ನಿರ್ಧರಿಸಿದ ಮೊತ್ತಕ್ಕಿಂತ ಬೇರೆಯದೇ ಮೊತ್ತಕ್ಕೆ ಕ್ಲೇಮನ್ನು ಇತ್ಯರ್ಥಪಡಿಸುವ ಹಕ್ಕನ್ನೂ ಅದೇ ಕಲಮು ಕಂಪನಿಗೆ ಉಳಿಸಿಕೊಟ್ಟಿದೆ. ಆದ್ದರಿಂದ ‘ಸರ್ವೇಯರ್ ಹೇಳಿದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಶಾಖೆಯಲ್ಲಿ ಹೇಳಿದರೆ ಅದನ್ನು ಒಪ್ಪಿಕೊಂಡು ಹಿಂದಿರುಗಬೇಕಾಗಿಲ್ಲ.

ಸರ್ವೇಯರ್ ವರದಿ ಕಡೆಯ ಮಾತಲ್ಲ, ಅದನ್ನು ಬಿಟ್ಟು ನಡೆಯಲೇಬಾರದು ಎಂಬಷ್ಟು ಪವಿತ್ರವೂ ಅಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ, ಪ್ರದೀಪ್ ಕುಮಾರ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ, ಮೊದಲ ವರದಿ ಹಿಡಿಸಲಿಲ್ಲವೆಂದು ಕಂಪನಿಯು ತನಗೆ ಬೇಕಾದ ವರದಿ ಸಿಗುವವರೆಗೆ ಒಬ್ಬರಾದ ಮೇಲೊಬ್ಬರು ಸರ್ವೇಯರನ್ನು ನೇಮಿಸುತ್ತಾ ಹೋಗುವಂತಿಲ್ಲ, ಎರಡನೆಯವರನ್ನು ನೇಮಿಸುವುದಾದರೆ ಸಕಾರಣ ಕೊಡಬೇಕು ಎಂದೂ ಹೇಳಿದೆ. ಈ ಎರಡು ತೀರ್ಪುಗಳನ್ನು ಪಾಲಿಸಿದಾರರು ಬಹಳ ನೆಚ್ಚುತ್ತಾರೆ. ಇವುಗಳ ಜೊತೆಗೆ 2021ರ ಖಟೇಮಾ ಫೈಬರ್ಸ್ ತೀರ್ಪನ್ನೂ ಓದಿಕೊಳ್ಳಲೇಬೇಕು. ಕಾಗದದ ಕಾರ್ಖಾನೆಯೊಂದರ ದಾಸ್ತಾನು ಸುಟ್ಟ ಆ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಸರ್ವೇಯರ್ ತನ್ನ ವೃತ್ತಿಸಂಹಿತೆಯಂತೆ ಕೆಲಸ ಮಾಡಿದ್ದು, ವರದಿಯಲ್ಲಿ ಮನಸ್ಸಿಗೆ ಬಂದಂತೆ ಹಾಕಿದ ಲೆಕ್ಕವಾಗಲಿ ಬರೀ ಅಂದಾಜಾಗಲಿ ಇಲ್ಲದಿದ್ದರೆ, ಗ್ರಾಹಕರ ಆಯೋಗವು ಅದನ್ನು ಸಿವಿಲ್ ನ್ಯಾಯಾಲಯದಂತೆ ಸೀಳಿ ನೋಡಲು ಹೋಗುವಂತಿಲ್ಲ.

ಸ್ವತಂತ್ರ ವರದಿ ಹೇಗಿರಬೇಕು ಎಂಬುದನ್ನು ಈ ತೀರ್ಪೇ ತೀರ್ಮಾನಿಸುತ್ತದೆ. ‘ಅವರು 6 ಲಕ್ಷ ಎಂದರು, ನಾನು 14 ಲಕ್ಷ ಎನ್ನುತ್ತೇನೆ’ ಎಂಬ ವರದಿ ಎರಡು ಅಭಿಪ್ರಾಯಗಳನ್ನು ಎದುರುಬದುರು ನಿಲ್ಲಿಸುತ್ತದೆಯಷ್ಟೆ. ಸರ್ವೇಯರ್ ಮೇಲಂತಸ್ತಿಗೆ ಹೋಗಿಲ್ಲ, ಇಂಥ ಗೋಡೆಯ ಅಳತೆ ತಪ್ಪಾಗಿದೆ, ಪಾಲಿಸಿ ಅನುಮತಿಸದ ಕಡೆ ಸವಕಳಿ ಕಳೆದಿದ್ದಾರೆ, ಬೇಡಿಕೆಯಿಟ್ಟರೂ ಕಾಂಕ್ರೀಟ್ ಪರೀಕ್ಷೆ ಮಾಡಿಸಿಲ್ಲ ಎಂದು ಹೆಸರಿಟ್ಟು ತೋರಿಸುವ ವರದಿಯು ಸರ್ವೇಯರ್ ಕೆಲಸದಲ್ಲಿನ ಲೋಪವನ್ನೇ ಸ್ಥಾಪಿಸುತ್ತದೆ. ಆಯೋಗ ಕೈ ಹಾಕಬಹುದಾದದ್ದು ಅಲ್ಲಿಯೇ.

ಯಾವ ಮೌಲ್ಯ ಎಂಬ ಪ್ರಶ್ನೆ

ಸ್ವತಂತ್ರ ವರದಿಗಳಲ್ಲಿ ನಾನು ಕಂಡ ಅತಿ ಸಾಮಾನ್ಯ ದೋಷ ಎಂದರೆ ಬೇರೆ ಉದ್ದೇಶದ ಮೌಲ್ಯವನ್ನು ವಿಮೆಯ ತಕರಾರಿಗೆ ತರುವುದು. ಬ್ಯಾಂಕಿನ ಸಾಲಕ್ಕೆಂದು ಬರೆಯುವ ಮೌಲ್ಯಮಾಪನದಲ್ಲಿ ನಿವೇಶನದ ಬೆಲೆ, ಬಡಾವಣೆಯ ಬೇಡಿಕೆ, ನೋಂದಣಿ ಇಲಾಖೆಯ ಗೈಡೆನ್ಸ್ ವ್ಯಾಲ್ಯೂ ಎಲ್ಲವೂ ಸೇರಿರುತ್ತವೆ. ವಿಮೆ ಇರುವುದು ಕಟ್ಟಡಕ್ಕೆ, ನೆಲಕ್ಕಲ್ಲ. ಬೆಂಗಳೂರಿನ ನಿವೇಶನ ಎಷ್ಟು ಕೋಟಿ ಬಾಳಿದರೂ ಸುಟ್ಟ ಚಾವಣಿಯನ್ನು ಮತ್ತೆ ಹಾಕಿಸುವ ಖರ್ಚಿಗೂ ಅದಕ್ಕೂ ಸಂಬಂಧವಿಲ್ಲ. ಇಂಥ ವರದಿಯನ್ನು ಕೊಟ್ಟರೆ ಕಂಪನಿಯ ವಕೀಲರು ಮೊದಲ ಪುಟದಲ್ಲೇ ಅದನ್ನು ಬದಿಗೆ ಸರಿಸುತ್ತಾರೆ, ಸರಿಸುವುದು ನ್ಯಾಯವೂ ಹೌದು.

ಹಾಗಾಗಿ ಮೌಲ್ಯಮಾಪಕರ ಕೈಗೆ ಮೊದಲು ಕೊಡಬೇಕಾದದ್ದು ಪಾಲಿಸಿಯ ಪೂರ್ತಿ ಪಠ್ಯ. ವಿಮಾ ಮೊತ್ತ, ಅವಧಿ ಬರೆದಿರುವ ಶೆಡ್ಯೂಲ್ ಪುಟವೊಂದೇ ಸಾಲದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆಯ ಕಟ್ಟಡದ ವಿಮಾ ಮೊತ್ತವನ್ನು ಕಾರ್ಪೆಟ್ ವಿಸ್ತೀರ್ಣ ಮತ್ತು ಪಾಲಿಸಿ ಆರಂಭದ ದಿನದ ನಿರ್ಮಾಣ ದರ ಇವುಗಳಿಂದ ಲೆಕ್ಕ ಹಾಕುತ್ತಾರೆ. ವಿಮಾ ಮೊತ್ತ ಕಡಿಮೆಯಿತ್ತು ಎಂಬ ಕಾರಣಕ್ಕೆ ಪರಿಹಾರವನ್ನು ಪ್ರಮಾಣಾನುಸಾರ ಕಡಿತ ಮಾಡುವ ನಿಯಮ ಅದರಲ್ಲಿ ಇಲ್ಲ. ವ್ಯಾಪಾರ ಮತ್ತು ಉದ್ಯಮದ ಪಾಲಿಸಿಗಳಲ್ಲಿ ಆ ಕಡಿತ ಇದೆ. ಅಲ್ಲಿ ಕಟ್ಟಡ ಪುನರ್‌ನಿರ್ಮಾಣದ ಆಧಾರದ ಮೇಲೆ ವಿಮೆಯಾಗಿದ್ದರೆ ಸವಕಳಿ ಕಳೆಯದೆ ಹೊಸದಾಗಿ ಕಟ್ಟುವ ಖರ್ಚನ್ನು ಕೊಡಬೇಕು, ಆದರೆ ಮಾಲೀಕರು ಸಾಮಾನ್ಯವಾಗಿ 12 ತಿಂಗಳೊಳಗೆ ಅಥವಾ ಕಂಪನಿ ಬರಹದಲ್ಲಿ ವಿಸ್ತರಿಸಿದ ಅವಧಿಯೊಳಗೆ ನಿಜವಾಗಿಯೂ ಕಟ್ಟಿ ಮುಗಿಸಿರಬೇಕು. ಕಟ್ಟದಿದ್ದರೆ ಸವಕಳಿ ಕಳೆದ ಮೌಲ್ಯವಷ್ಟೇ ಸಿಗುತ್ತದೆ. ಮೌಲ್ಯಮಾಪಕರು ಈ ಎರಡೂ ಲೆಕ್ಕಗಳನ್ನು ಬೇರೆ ಬೇರೆಯಾಗಿ ಬರೆದಿಡುವುದು ಕ್ಷೇಮ.

ಪ್ರಮಾಣಾನುಸಾರ ಕಡಿತದ ವಿಷಯ ಸ್ವಲ್ಪ ವಿವರವಾಗಿ ನೋಡುವಂಥದ್ದು, ಏಕೆಂದರೆ ನಷ್ಟದ ಬಗ್ಗೆ ಒಂದು ರೂಪಾಯಿಯ ಭಿನ್ನಾಭಿಪ್ರಾಯವಿಲ್ಲದೆಯೂ ಇಲ್ಲಿ ಲಕ್ಷಗಟ್ಟಲೆ ಹೋಗುತ್ತದೆ. ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯ ಕಟ್ಟಡ 60 ಲಕ್ಷಕ್ಕೆ ವಿಮೆಯಾಗಿದೆ ಎಂದುಕೊಳ್ಳೋಣ. ಬೆಂಕಿಯಿಂದಾದ ಹಾನಿ 16 ಲಕ್ಷ ಎಂಬುದನ್ನು ಎರಡೂ ಕಡೆಯವರು ಒಪ್ಪಿದ್ದಾರೆ. ಆದರೆ ಇಡೀ ಕಟ್ಟಡವನ್ನು ಮತ್ತೆ ಕಟ್ಟಲು 80 ಲಕ್ಷ ಬೇಕು ಎಂದು ಸರ್ವೇಯರ್ ಲೆಕ್ಕ ಹಾಕಿದರೆ, 80ಕ್ಕೆ 60ರ ಪ್ರಮಾಣದಲ್ಲಿ ಪರಿಹಾರ 12 ಲಕ್ಷಕ್ಕೆ ಇಳಿಯುತ್ತದೆ. ಸ್ವತಂತ್ರ ಎಂಜಿನಿಯರ್ ಅಳೆದು ನೋಡಿದಾಗ, ತಗಡಿನ ಚಾವಣಿಯ ಗೋದಾಮಿನ ಭಾಗಕ್ಕೂ ಸರ್ವೇಯರ್ ಆರ್‌ಸಿಸಿ ಕಟ್ಟಡದ ದರವನ್ನೇ ಹಾಕಿದ್ದು ಕಂಡು, ಸರಿಯಾದ ಮೌಲ್ಯ 68 ಲಕ್ಷ ಎಂದು ತೇಲಿತು ಎನ್ನಿ. ಆಗ ವಿಮೆಯ ಕೊರತೆ ಸುಮಾರು 12 ಪ್ರತಿಶತ. ಸಣ್ಣ ಉದ್ಯಮಗಳಿಗಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳಲ್ಲಿ 15 ಪ್ರತಿಶತದವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ 16 ಲಕ್ಷವೂ ಬರಬೇಕು. ಇಲ್ಲಿ ಸುಟ್ಟ ಭಾಗವನ್ನಷ್ಟೇ ಮೌಲ್ಯಮಾಪನ ಮಾಡಿಸಿದ್ದರೆ ಆ 4 ಲಕ್ಷ ಕೈಬಿಟ್ಟು ಹೋಗುತ್ತಿತ್ತು. ಸುಡದೆ ಉಳಿದ ಭಾಗವನ್ನೂ ಅಳೆಯಿಸಿದ್ದೇ ಅದನ್ನು ಉಳಿಸಿತು.

ಯಾರನ್ನು ನೇಮಿಸಬೇಕು

ಕಟ್ಟಡಕ್ಕೆ ಸಿವಿಲ್ ಎಂಜಿನಿಯರ್ ಆಗಿದ್ದು, ಮೌಲ್ಯಮಾಪಕರ ನೋಂದಣಿ ನೋಡಿಕೊಳ್ಳುವ ಕೇಂದ್ರ ಮಂಡಳಿಯಾದ ಐಬಿಬಿಐನಲ್ಲಿ ಭೂಮಿ ಮತ್ತು ಕಟ್ಟಡ ವರ್ಗದಲ್ಲಿ ನೋಂದಾಯಿತರಾದ ಮೌಲ್ಯಮಾಪಕರು ಸೂಕ್ತ. ಯಂತ್ರಗಳಿಗೆ ಸ್ಥಾವರ ಮತ್ತು ಯಂತ್ರೋಪಕರಣ ವರ್ಗ ಬೇರೆಯೇ ಇದೆ. ಕಟ್ಟಡದ ಮೌಲ್ಯಮಾಪಕರಿಂದ ಬಾಯ್ಲರ್‌ಗೆ ಬೆಲೆ ಕಟ್ಟಿಸಬಾರದು. ಇನ್ನೊಂದು ದಾರಿ, ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಲೈಸೆನ್ಸ್ ಇರುವ, ಅಗ್ನಿ ವಿಭಾಗದಲ್ಲಿ ಪರಿಣತರಾದ, ಈ ಕ್ಲೇಮಿನಲ್ಲಿ ಯಾವ ಪಾತ್ರವೂ ಇಲ್ಲದ ಸರ್ವೇಯರ್ ಒಬ್ಬರ ಅಭಿಪ್ರಾಯ ಪಡೆಯುವುದು. ಅವರಿಗೆ ಪಾಲಿಸಿಯ ಭಾಷೆ ಗೊತ್ತಿರುತ್ತದೆ, ಎಂಜಿನಿಯರಿಗೆ ಕಟ್ಟಡದ ಭಾಷೆ ಗೊತ್ತಿರುತ್ತದೆ. ಮೊತ್ತ ದೊಡ್ಡದಾಗಿದ್ದರೆ ಇಬ್ಬರೂ ಸೇರಿ ಬರೆಯುವುದು ಅತ್ಯುತ್ತಮ.

ಶುಲ್ಕವನ್ನು ಮೊದಲೇ ನಿಗದಿಪಡಿಸಿ ಪತ್ರದಲ್ಲಿ ಬರೆದುಕೊಳ್ಳಬೇಕು. ಸಿಕ್ಕ ಪರಿಹಾರದಲ್ಲಿ ಇಷ್ಟು ಪ್ರತಿಶತ ಎಂಬ ಒಪ್ಪಂದವನ್ನು ಖಂಡಿತವಾಗಿ ಮಾಡಿಕೊಳ್ಳಬಾರದು. ಮೊತ್ತ ಹೆಚ್ಚಿದಷ್ಟೂ ತಮಗೆ ಲಾಭವಾಗುವವರ ವರದಿಯನ್ನು ಸ್ವತಂತ್ರ ಎಂದು ವಿಮಾ ದೂರುಗಳನ್ನು ತೀರ್ಮಾನಿಸುವ ಯಾವ ಓಂಬುಡ್ಸ್‌ಮನ್ ಒಪ್ಪಿಯಾರು? ಮಾಲೀಕರ ಬಂಧುಗಳು, ಮುಂದೆ ಅದೇ ರಿಪೇರಿಯ ಗುತ್ತಿಗೆ ಹಿಡಿಯುವವರು, ಮೂಲ ಕಟ್ಟಡ ಕಟ್ಟಿದ ಮೇಸ್ತ್ರಿ, ಇವರ್‍ಯಾರೂ ಈ ಕೆಲಸಕ್ಕೆ ಸಲ್ಲರು. ಪಾಲಿಸಿಯಲ್ಲಿ ವಾಸ್ತುಶಿಲ್ಪಿ, ಎಂಜಿನಿಯರರ ಶುಲ್ಕಕ್ಕೆಂದು ಕ್ಲೇಮು ಮೊತ್ತದ ಒಂದು ಪಾಲು, ಗೃಹ ರಕ್ಷಾದಲ್ಲಿ 5 ಪ್ರತಿಶತದವರೆಗೆ, ಇರುವುದು ನಿಜ. ಆದರೆ ಅದು ಕಟ್ಟಡವನ್ನು ಮತ್ತೆ ಎಬ್ಬಿಸುವ ಕೆಲಸದ ಶುಲ್ಕಕ್ಕೆ. ತಕರಾರಿನ ವರದಿಯ ಖರ್ಚು ಅದರಿಂದ ಬರುತ್ತದೆ ಎಂದು ನಂಬಿಕೊಳ್ಳಬಾರದು.

ಸ್ಥಳ ಪರಿಶೀಲನೆ

ಅವಶೇಷ ತೆರವು ಮಾಡುವ ಮೊದಲೇ ಮೌಲ್ಯಮಾಪಕರು ಸ್ಥಳ ನೋಡಬೇಕು. ಹಾನಿ ಇನ್ನಷ್ಟು ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರನ ಕರ್ತವ್ಯವಾದ್ದರಿಂದ ಚಾವಣಿಗೆ ಟಾರ್ಪಾಲು ಹೊದಿಸುವುದು, ನೀರು ಹೊರಹಾಕುವುದು, ವಿದ್ಯುತ್ ಕಡಿತಗೊಳಿಸುವುದು ಕೂಡಲೇ ಆಗಬೇಕು. ಕೆಡವುವ ಕೆಲಸವನ್ನು ಮಾತ್ರ ತಡೆದು, ಇಂಥ ದಿನ ತೆರವು ಮಾಡುತ್ತೇವೆ, ಅದಕ್ಕೆ ಮೊದಲು ಮತ್ತೊಮ್ಮೆ ನೋಡುವುದಿದ್ದರೆ ಬನ್ನಿ ಎಂದು ಕಂಪನಿಗೂ ಸರ್ವೇಯರಿಗೂ ಇ-ಮೇಲ್ ಕಳುಹಿಸಬೇಕು. ಸ್ವತಂತ್ರ ಮೌಲ್ಯಮಾಪಕರ ಭೇಟಿಯ ದಿನವೇ ಸರ್ವೇಯರನ್ನೂ ಕರೆದು, ಅಳತೆಗಳನ್ನು ಒಟ್ಟಿಗೆ ತೆಗೆದು, ಒಂದೇ ಹಾಳೆಗೆ ಇಬ್ಬರೂ ಸಹಿ ಹಾಕಿದರೆ ತಕರಾರಿನ ದೊಡ್ಡ ಭಾಗ ಅಲ್ಲಿಯೇ ಮುಗಿಯುತ್ತದೆ. ಆಮೇಲೆ ಉಳಿಯುವುದು ದರದ ಪ್ರಶ್ನೆ ಮಾತ್ರ.

ನೆರೆಯ ಹಾನಿಯಲ್ಲಿ ಪ್ರತಿ ಕೋಣೆಯ ಗೋಡೆಯ ಮೇಲೆ ನೀರಿನ ಗುರುತು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಟೇಪ್ ಹಿಡಿದೇ ಫೋಟೋ ತೆಗೆಯಬೇಕು. ಪ್ಲೈವುಡ್ ಕಪಾಟು, ಬಾಗಿಲ ಚೌಕಟ್ಟು, ಗೋಡೆಯೊಳಗಿನ ವೈರಿಂಗ್ ಇವುಗಳಲ್ಲಿ ಯಾವುದು ಮುಳುಗಿತ್ತು, ಯಾವುದು ಮೇಲಿತ್ತು ಎಂಬುದು ಆ ಒಂದು ಗೆರೆಯಿಂದ ನಿರ್ಧಾರವಾಗುತ್ತದೆ. ಆ ದಿನದ ಮಳೆಯ ಪ್ರಮಾಣಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಅಂಶ, ಬೆಂಕಿಯಾದರೆ ಅಗ್ನಿಶಾಮಕ ಇಲಾಖೆಯ ವರದಿ, ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ಮಹಜರು ಆಗಿದ್ದರೆ ಅದರ ಪ್ರತಿ, ಇವುಗಳನ್ನೂ ಸೇರಿಸಬೇಕು. ಮಲೆನಾಡು, ಕರಾವಳಿಯ ಹೆಂಚಿನ ಮನೆಯ ಮೇಲೆ ಮರ ಬಿದ್ದಾಗ ಒಡೆದ ಹೆಂಚುಗಳನ್ನು ಎಣಿಸಿ ಮುಗಿಸುವುದು ರೂಢಿ. ಪಕ್ಕಾಸು, ರೀಪುಗಳು ಸೀಳಿವೆಯೇ, ಮುರಕಲ್ಲಿನ ಗೋಡೆಯ ತಲೆ ಹೊರಕ್ಕೆ ವಾಲಿದೆಯೇ ಎಂಬುದನ್ನು ಏಣಿ ಹತ್ತಿಯೇ ನೋಡಬೇಕು.

ಬೆಂಕಿ ಬಿದ್ದ ಆರ್‌ಸಿಸಿ ಚಾವಣಿಯಲ್ಲಿ ತಪ್ಪು ನಡೆಯುವುದು ಹೆಚ್ಚು. ಅಡುಗೆಮನೆಯಲ್ಲಿ ಸಿಲಿಂಡರ್ ಹೊತ್ತಿಕೊಂಡ ಮನೆಯನ್ನು ತೆಗೆದುಕೊಳ್ಳಿ. ಸರ್ವೇಯರ್ ವರದಿಯಲ್ಲಿ ‘ಚಾವಣಿಯ ಗಾರೆ ಉದುರಿದೆ; ಮರುಗಾರೆ ಮತ್ತು ಬಣ್ಣ’ ಎಂದು ಒಂದು ಸಾಲಿರುತ್ತದೆ. ಆದರೆ ಸಾಮಾನ್ಯ ಜಲ್ಲಿಯ ಕಾಂಕ್ರೀಟ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತೆಳು ಗುಲಾಬಿ ಬಣ್ಣಕ್ಕೆ ತಿರುಗಬಹುದು, ಅಲ್ಲಿಂದ ಮೇಲೆ ಅದರ ಬಲ ಕುಂದುತ್ತಾ ಹೋಗುತ್ತದೆ. ಎಂಜಿನಿಯರ್ ಚಾವಣಿಯ ಅಡಿಭಾಗವನ್ನು ಸಣ್ಣ ಉಳಿಯಿಂದ ಚಕ್ಕೆ ಎಬ್ಬಿಸಿ, ಗುಲಾಬಿ ಬಣ್ಣ ಎಷ್ಟು ಆಳಕ್ಕೆ ಇಳಿದಿದೆ, ಅದು ಕಬ್ಬಿಣದ ಸರಳನ್ನು ಮುಟ್ಟಿದೆಯೇ ಎಂಬುದನ್ನು ನೋಡಬೇಕು. ಅನಂತರ ಕಾಂಕ್ರೀಟನ್ನು ಒಡೆಯದೆ ಅದರ ಬಲವನ್ನು ಅಂದಾಜಿಸುವ ರಿಬೌಂಡ್ ಹ್ಯಾಮರ್ ಮತ್ತು ಅಲ್ಟ್ರಾಸಾನಿಕ್ ಪರೀಕ್ಷೆಯನ್ನು ಅಡುಗೆಮನೆಯ ಮೇಲಿನ ಭಾಗಕ್ಕೂ, ಅದೇ ದಿನ ಹಾಕಿದ ಅದೇ ಚಾವಣಿಯ ಬೆಂಕಿ ತಾಗದ ಭಾಗಕ್ಕೂ ಮಾಡಿ, ಎರಡರ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯಬೇಕು. ಅನುಮಾನ ಉಳಿದರೆ ಕಾಂಕ್ರೀಟಿನ ತುಣುಕನ್ನು (ಕೋರ್) ಕೊರೆದು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಒಂದೇ ಚಾವಣಿಯ ಎರಡು ಭಾಗಗಳ ನಡುವಿನ ಈ ಅಂತರವನ್ನು ಬೆಂಕಿಯಲ್ಲದೆ ಬೇರೆ ಕಾರಣದಿಂದ ವಿವರಿಸುವುದು ಕಂಪನಿಗೆ ಬಹಳ ಕಷ್ಟ. ಇದು ಹಣದ ಮಾತಷ್ಟೇ ಅಲ್ಲ. ಬಲ ಕಳೆದುಕೊಂಡ ಚಾವಣಿಗೆ ಗಾರೆ ಬಳಿದು ಅದರ ಕೆಳಗೆ ಒಂದು ಕುಟುಂಬ ಮಲಗುವುದನ್ನು ಯಾರೂ ಲಘುವಾಗಿ ತೆಗೆದುಕೊಳ್ಳಬಾರದು.

ವರದಿಯ ಒಳಗೆ ಇರಬೇಕಾದದ್ದು

ಸರ್ವೇಯರ್ ವರದಿಯ ಬಾಬುಗಳನ್ನು ಅದೇ ಕ್ರಮದಲ್ಲಿ, ಅದೇ ಸಂಖ್ಯೆಗಳಲ್ಲಿ ತೆಗೆದುಕೊಂಡು, ಪ್ರತಿಯೊಂದರ ಎದುರು ಅವರ ಅಳತೆ, ಅವರ ದರ, ತಮ್ಮ ಅಳತೆ, ತಮ್ಮ ದರ, ವ್ಯತ್ಯಾಸ ಮತ್ತು ಕಾರಣವನ್ನು ಬರೆಯುವುದು ಸರಿಯಾದ ವಿಧಾನ. ಸರ್ವೇಯರ್ ಸರಿಯಾಗಿ ಬರೆದದ್ದನ್ನು ಸರಿ ಎಂದೇ ದಾಖಲಿಸಬೇಕು; ಹಾಗೆ ಒಪ್ಪಿಕೊಂಡ ಬಾಬುಗಳು ಉಳಿದ ಆಕ್ಷೇಪಗಳಿಗೆ ಬೆಲೆ ತರುತ್ತವೆ. ದರಕ್ಕೆ ಲೋಕೋಪಯೋಗಿ ಇಲಾಖೆಯ ಆಯಾ ವೃತ್ತದ ದರಪಟ್ಟಿಯನ್ನು ಆಧಾರವಾಗಿಟ್ಟು, ಅದು ಬಿಡಿ ರಿಪೇರಿ ಕೆಲಸಕ್ಕೆ ಸಾಲದ ಕಡೆ ಜಿಎಸ್‌ಟಿ ಸಂಖ್ಯೆ ಇರುವ ಸ್ಥಳೀಯ ಗುತ್ತಿಗೆದಾರರ ದರಪತ್ರಗಳನ್ನು ಲಗತ್ತಿಸಬೇಕು. ತೆರಿಗೆ ಸೇರಿದೆಯೋ ಇಲ್ಲವೋ, ಅವಶೇಷದ ಮಾರಾಟದಿಂದ ಎಷ್ಟು ಬರುತ್ತದೆ, ತೆರವಿನ ಖರ್ಚೆಷ್ಟು, ಪಾಲಿಸಿಯ ಎಕ್ಸೆಸ್ (ಪಾಲಿಸಿದಾರರೇ ಹೊರಬೇಕಾದ ಪಾಲು) ಎಷ್ಟು ಎಂಬುದನ್ನು ಮುಚ್ಚಿಡದೆ ತೋರಿಸಬೇಕು. ಹಳೆಯ ಸಿಮೆಂಟ್ ನೆಲವಿದ್ದ ಕಡೆ ಗ್ರಾನೈಟ್ ಹಾಕಿಸುವ ಆಸೆ ಸಹಜ, ಆದರೆ ಆ ಮೇಲ್ದರ್ಜೆಯ ಖರ್ಚು ವರದಿಯೊಳಗೆ ನುಸುಳಿದರೆ ಉಳಿದೆಲ್ಲ ಬಾಬುಗಳ ಮೇಲೂ ಸಂಶಯ ಬೀಳುತ್ತದೆ.

ವರದಿ ಬಂದ ಮೇಲೆ

ಮೊದಲು ಅದನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿ, ಮರುಪರಿಶೀಲನೆಯನ್ನೂ, ತಕರಾರಿಲ್ಲದ ಮೊತ್ತದ ತಕ್ಷಣದ ಪಾವತಿಯನ್ನೂ ಕೇಳಬೇಕು. ಆ ಮೊತ್ತವನ್ನು ಪಡೆಯುವಾಗ ‘ಪೂರ್ಣ ಮತ್ತು ಅಂತಿಮ’ ಎಂದು ಮುದ್ರಿತವಾದ ಡಿಸ್ಚಾರ್ಜ್ ವೋಚರ್‌ಗೆ ಸುಮ್ಮನೆ ಸಹಿ ಹಾಕದೆ, ಉಳಿದ ಮೊತ್ತದ ಹಕ್ಕನ್ನು ಕಾಯ್ದಿರಿಸಿ ಭಾಗಶಃ ಪಾವತಿಯಾಗಿ ಸ್ವೀಕರಿಸಿದ್ದೇನೆ ಎಂದು ಬರೆದು, ಅದೇ ದಿನ ಇ-ಮೇಲ್ ಕೂಡ ಕಳುಹಿಸಬೇಕು. ವಂಚನೆ, ಒತ್ತಡ ಅಥವಾ ತಪ್ಪು ಮಾಹಿತಿಯಿಂದ ಸಹಿ ಮಾಡಿಸಿಕೊಂಡದ್ದು ಸಾಬೀತಾದರೆ ವೋಚರ್ ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿಯೇ ಅಜ್ಮೇರ್ ಸಿಂಗ್ ಕಾಟನ್ ಪ್ರಕರಣದಲ್ಲಿ ಹೇಳಿದೆ. ಆದರೆ ಅದನ್ನು ಸಾಬೀತುಪಡಿಸುವ ಭಾರ ಹೊರುವುದಕ್ಕಿಂತ ಮೊದಲೇ ಒಂದು ಸಾಲು ಬರೆಯುವುದು ಸುಲಭ.

ಅಮೆರಿಕದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಇಲ್ಲೊಂದು ವ್ಯತ್ಯಾಸ ಗೊತ್ತಿರಬೇಕು. ಅಲ್ಲಿನ ಸಾಮಾನ್ಯ ಗೃಹವಿಮೆಯ ಅನೇಕ ಪಾಲಿಸಿಗಳಲ್ಲಿ ಮೌಲ್ಯಮಾಪನದ ಷರತ್ತೇ ಇರುತ್ತದೆ: ಲಿಖಿತ ಬೇಡಿಕೆ ಬಂದ 20 ದಿನಗಳೊಳಗೆ ಎರಡೂ ಕಡೆಯವರು ಒಬ್ಬೊಬ್ಬ ನಿಷ್ಪಕ್ಷ ಮೌಲ್ಯಮಾಪಕರನ್ನು ಹೆಸರಿಸುತ್ತಾರೆ, ಅವರಿಬ್ಬರು ಸೇರಿ ಒಬ್ಬ ಅಂಪೈರನ್ನು ಆರಿಸುತ್ತಾರೆ, ಮೂವರಲ್ಲಿ ಇಬ್ಬರು ಒಪ್ಪಿದ ಮೊತ್ತವೇ ನಷ್ಟದ ಮೊತ್ತವಾಗುತ್ತದೆ. ಭಾರತದ ಪಾಲಿಸಿಗಳಲ್ಲಿ ಇದಕ್ಕೆ ಹತ್ತಿರವಾಗಿದ್ದುದು ಆರ್ಬಿಟ್ರೇಷನ್ (ಮಧ್ಯಸ್ಥಗಾರರ ತೀರ್ಪಿನ) ಷರತ್ತು. 2023ರ ಅಕ್ಟೋಬರಿನಲ್ಲಿ ಐಆರ್‌ಡಿಎಐ ಅದನ್ನು ವೈಯಕ್ತಿಕ ಪಾಲಿಸಿಗಳಿಂದ ತೆಗೆದುಹಾಕಿ, ವಾಣಿಜ್ಯ ಪಾಲಿಸಿಗಳಲ್ಲಿ ಎರಡೂ ಕಡೆಯವರು ಬೇರೆಯಾಗಿ ಒಪ್ಪಂದ ಮಾಡಿಕೊಂಡರೆ ಮಾತ್ರ ಎಂಬಂತೆ ಬದಲಿಸಿತು. ಹಾಗಾಗಿ ನಮ್ಮಲ್ಲಿ ಸ್ವತಂತ್ರ ಮೌಲ್ಯಮಾಪನ ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ, ಅದು ಸಾಕ್ಷ್ಯ.

ಆ ಸಾಕ್ಷ್ಯವನ್ನು ಒಯ್ಯುವ ಮೊದಲ ಜಾಗ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, ಪರಿಹಾರದ ಮಿತಿ ಈಗ 50 ಲಕ್ಷ ರೂಪಾಯಿ. ವ್ಯಕ್ತಿಗಳಲ್ಲದೆ ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳೂ ಅತಿಸಣ್ಣ ಉದ್ಯಮಗಳೂ ದೂರು ಕೊಡಬಹುದು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾದಿರಬೇಕು, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಬರಬೇಕು. ಅಲ್ಲಿ ಮೌಲ್ಯಮಾಪಕರ ಹೋಲಿಕೆ ಪಟ್ಟಿಯನ್ನು ಎರಡು ಪುಟಗಳಿಗೆ ಇಳಿಸಿ ಮುಂದಿಟ್ಟರೆ ಸಾಕಾಗುತ್ತದೆ.

ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ, 2019ರ ಕಾಯ್ದೆಯಲ್ಲಿ ಯಾವ ಆಯೋಗ ಎಂಬುದು ಕ್ಲೇಮಿನ ಮೊತ್ತದ ಮೇಲಲ್ಲ, ಕಟ್ಟಿದ ಪ್ರೀಮಿಯಂ ಮೇಲೆ ನಿಂತಿರುವುದರಿಂದ ಮನೆ, ಅಂಗಡಿಗಳ ಬಹುತೇಕ ಎಲ್ಲ ದೂರುಗಳೂ ಜಿಲ್ಲಾ ಆಯೋಗಕ್ಕೇ ಬರುತ್ತವೆ. ಅಲ್ಲಿ ವರದಿಯನ್ನು ಹಾಗೆಯೇ ಲಗತ್ತಿಸುವುದು ಸಾಲದು. ಮೌಲ್ಯಮಾಪಕರು ತಮ್ಮ ಅರ್ಹತೆ, ಭೇಟಿಯ ದಿನಾಂಕ ಮತ್ತು ವರದಿಯನ್ನು ದೃಢೀಕರಿಸುವ ಅಫಿಡವಿಟ್ ಸಲ್ಲಿಸಬೇಕು, ಕಂಪನಿಯ ಲಿಖಿತ ಪ್ರಶ್ನೆಗಳಿಗೆ ಉತ್ತರ ಕೊಡಲು ಸಿದ್ಧರಿರಬೇಕು. ಫೋಟೋಗಳಿಗೆ, ಡಿಜಿಟಲ್ ದಾಖಲೆಗಳಿಗೆ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಜೊತೆಗಿಡಬೇಕು. ಇದಕ್ಕೆಲ್ಲ ಅವರ ಒಪ್ಪಿಗೆಯನ್ನು ನೇಮಕಾತಿಯ ಪತ್ರದಲ್ಲೇ ಪಡೆದಿರುವುದು ಉತ್ತಮ, ಏಕೆಂದರೆ ವರ್ಷ ಕಳೆದ ಮೇಲೆ ಕೇಳಿದರೆ ಹಲವರು ಹಿಂಜರಿಯುತ್ತಾರೆ. ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ. ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಯುತ್ತಲೇ ಇದೆ ಎಂಬ ಕಾರಣಕ್ಕೆ ಅದು ತಾನಾಗಿ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ, ನಿರಾಕರಣೆಯ ಅಥವಾ ಕಡಿತದ ಮೊದಲ ಪತ್ರ ಬಂದ ದಿನಾಂಕವನ್ನು ಫೈಲಿನ ಮೇಲೆಯೇ ಬರೆದಿಟ್ಟು, ಅಲ್ಲಿಂದ ಲೆಕ್ಕ ಹಿಡಿಯಬೇಕು.